ಅಕ್ಟೋಬರ್ ಭಾನುವಾರಗಳ ಹರಟೆ: ಮೊಗ್ಗು ಬಿಡದ ಸೇವಂತಿಗೆ, ಅವರೆ ಬಳ್ಳಿ, ಬಸವನಹುಳು, ಬೀಜದ ಕವರ್

ಮಣ್ಣಿನಕೈ, ಬನಶಂಕರಿ
ಭಾನುವಾರ ಮಧ್ಯಾಹ್ನ

ದಸರಾ ಗಲಾಟೆ ಮುಗಿಯಿತು. ಇವತ್ತು ನಮ್ಮ ಬೀದಿಯ ಗಿಡದ ಗುಂಪು ನಮ್ಮನೆ ಟೆರೇಸ್ ಮೇಲೆ ಸೇರಿತ್ತು. ಏಳು ಗಂಟೆಗೆ ಬಂದವರು ಹನ್ನೊಂದಾದರೂ ಕೆಳಗೆ ಇಳಿಯಲಿಲ್ಲ. ಮಳೆಗಾಲದಲ್ಲಿ ಕಾಡಾಗಿದ್ದ ಹೀರೆ ಚಪ್ಪರ ಕಿತ್ತು ಹಾಕಿದೆವು. ಹಳೇ ಕುಂಡಗಳ ಮಣ್ಣನ್ನೆಲ್ಲ ಟಾರ್ಪಾಲ್ ಮೇಲೆ ಸುರಿದು ಬಿಸಿಲಿಗೆ ಹರಡಿದೆವು. ಮೂಲಂಗಿ, ನವಿಲುಕೋಸು, ಪಾಲಕ್, ಕೊತ್ತಂಬರಿ ಬಿತ್ತಿದ್ದಾಯಿತು. ಮಧ್ಯೆ ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ, ಎರಡು ಸುತ್ತು ಕಾಫಿ. ಕಾಫಿ ಚರಟ ನೇರವಾಗಿ ಕಾಂಪೋಸ್ಟ್ ಡಬ್ಬಕ್ಕೆ ಹೋಯಿತು.

ಈಗ ವಿಷಯ. ನನ್ನ ಸೇವಂತಿಗೆ ಮೊಗ್ಗು ಬಿಡುತ್ತಿಲ್ಲ. ಗಿಡ ಚೆನ್ನಾಗಿದೆ, ಎಲೆ ಕಡು ಹಸಿರು, ಹುಳ ಇಲ್ಲ, ಏನೂ ಇಲ್ಲ. ಎದುರು ಮನೆ ಟೆರೇಸ್‌ನಲ್ಲಿ ಅದೇ ಹಳದಿ ಸೇವಂತಿಗೆ ಆಗಲೇ ಅರಳಲು ಶುರುವಾಗಿದೆ. ಎರಡೂ ಒಂದೇ ತಾಯಿಗಿಡದ ಕಟಿಂಗ್. ಗಿರಿನಗರದ ರಾಯರು ಒಂದೇ ದಿನ ಇಬ್ಬರಿಗೂ ಕೊಟ್ಟಿದ್ದು. ಇವತ್ತು ಬಂದವರೆಲ್ಲ ಒಂದೊಂದು ಕಾರಣ ಹೇಳಿ ಹೋದರು. ಒಬ್ಬರು ದೃಷ್ಟಿ ಅಂದರು. ನೀವೇನಂತೀರಿ?

ಎರಿಮಣ್ಣು, ಧಾರವಾಡ
ಭಾನುವಾರ ಮಧ್ಯಾಹ್ನ

ಅಕ್ಕಾರ, ಹಿಂಡಿ ನೀರು ಜಾಸ್ತಿ ಹಾಕಿರಬೇಕು ನೋಡ್ರಿ. ಶೇಂಗಾ ಹಿಂಡಿಯಲ್ಲಿ ಸಾರಜನಕವೇ ಜಾಸ್ತಿ. ಸಾರಜನಕ ಜಾಸ್ತಿ ಆದರೆ ಗಿಡ ಎಲೆಯಲ್ಲೇ ಮೈಮರೆಯುತ್ತದೆ, ಹೂವಿನ ನೆನಪೇ ಇರೋದಿಲ್ಲ. ಹಿಂಡಿ ನಿಲ್ಲಿಸಿ, ಒಂದಿಷ್ಟು ಮೂಳೆ ಪುಡಿ ಮತ್ತು ಕಟ್ಟಿಗೆ ಬೂದಿ ಹಾಕಿ.

ಮಣ್ಣಿನಕೈ, ಬನಶಂಕರಿ
ಭಾನುವಾರ ಸಂಜೆ

ಅದೇ ತಮಾಷೆ. ಎದುರು ಮನೆಯವರಿಗೂ ಹಿಂಡಿ ನೀರು ನಮ್ಮ ಬಕೆಟ್‌ನಿಂದಲೇ ಹೋಗುವುದು. ಆ ವಾಸನೆ ಒಂದೇ ಮನೆಯಿಂದ ಬರಲಿ ಅಂತ ಬೀದಿಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ನೀರು, ಗೊಬ್ಬರ, ಮಣ್ಣು ಎಲ್ಲ ಒಂದೇ. ಬಿಸಿಲು ನಮ್ಮ ಕಡೆ ಸ್ವಲ್ಪ ಜಾಸ್ತಿಯೇ ಇದೆ.

ಟೆರೇಸ್‌ರಾಯ, ಗಿರಿನಗರ
ಭಾನುವಾರ ಸಂಜೆ

ನನ್ನ ಕಟಿಂಗ್ ಮೇಲೆ ಸಂಶಯ ಬೇಡ. ಆ ಗಿಡ ನಮ್ಮ ಮನೆಯಲ್ಲಿ ಪ್ರತಿ ವರ್ಷ ದೀಪಾವಳಿಗೆ ಬುಟ್ಟಿ ತುಂಬ ಕೊಡುತ್ತದೆ. ತುದಿ ಚಿವುಟಿದ್ದು ಯಾವಾಗ? ಗಣೇಶನ ಹಬ್ಬ ಕಳೆದ ಮೇಲೂ ಚಿವುಟುತ್ತಾ ಇದ್ದರೆ ಮೊಗ್ಗನ್ನೇ ಚಿವುಟಿ ಎಸೆದಿರುತ್ತೀರಿ.

ಮಣ್ಣಿನಕೈ, ಬನಶಂಕರಿ
ಭಾನುವಾರ ಸಂಜೆ

ಇಲ್ಲ ರಾಯರೇ, ಶ್ರಾವಣದಲ್ಲೇ ಚಿವುಟುವುದು ನಿಲ್ಲಿಸಿದ್ದೀನಿ. ನೀವೇ ಹೇಳಿಕೊಟ್ಟ ಲೆಕ್ಕ.

ಚೆಂಡುಹೂ, ಮೈಸೂರು
ಭಾನುವಾರ ರಾತ್ರಿ

ಮೇಡಂ, ನಿಮ್ಮ ಟೆರೇಸ್ ಪಕ್ಕ ಬೀದಿದೀಪ ಇದೆಯಾ?

ಯಾಕೆ ಕೇಳಿದೆ ಅಂದರೆ, ನಮ್ಮ ಸೋದರಮಾವನ ಜಮೀನು ಚಿಕ್ಕಬಳ್ಳಾಪುರದ ಕಡೆ. ಅವರು ಸೇವಂತಿಗೆ ಬೆಳೆಯುತ್ತಾರೆ. ಆ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ಹೊಲದ ತುಂಬ ಬಲ್ಬ್ ಉರಿಯುವುದು ಕಾಣುತ್ತದೆ. ಹೊಸಬರು ಯಾವುದೋ ಜಾತ್ರೆ ಅಂದುಕೊಳ್ಳುತ್ತಾರೆ. ಅದು ಹೂವು ಬರಿಸುವುದಕ್ಕಲ್ಲ, ಹೂವು ಬಾರದ ಹಾಗೆ ತಡೆಯುವುದಕ್ಕೆ. ಸೇವಂತಿಗೆ ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದ ಇರಬೇಕು, ಅದೂ ಒಂದೇ ಸಮನೆ ಕತ್ತಲೆ. ಮಧ್ಯೆ ಬೆಳಕು ಬಿದ್ದರೆ ಗಿಡ ಇನ್ನೂ ಬೇಸಿಗೆ ಅಂದುಕೊಂಡು ಬೆಳೆಯುತ್ತಲೇ ಇರುತ್ತದೆ. ರೈತರು ಗಿಡ ಬೇಕಾದಷ್ಟು ಎತ್ತರ ಬರುವ ತನಕ ದೀಪ ಹಾಕಿ, ಹಬ್ಬದ ಲೆಕ್ಕ ನೋಡಿ ಆರಿಸುತ್ತಾರೆ. ಆಮೇಲೆ ಎಲ್ಲ ಗಿಡ ಒಟ್ಟಿಗೆ ಹೂವು ಬಿಡುತ್ತದೆ, ಮಾರುಕಟ್ಟೆಗೆ ಒಟ್ಟಿಗೆ ಹೋಗುತ್ತದೆ.

ಒಂದು ಕೆಲಸ ಮಾಡಿ. ರಾತ್ರಿ ಟಾರ್ಚ್ ತಗೊಂಡು ಮೇಲೆ ಹೋಗಿ. ಪ್ಯಾರಪೆಟ್ ಗೋಡೆಯ ನೆರಳಿನಲ್ಲಿ ಇರುವ ಕೆಳಗಿನ ಕೊಂಬೆಗಳನ್ನು ನೋಡಿ. ಅಲ್ಲಿ ಮೊಗ್ಗು ಇದ್ದು ಮೇಲೆ ಇಲ್ಲದಿದ್ದರೆ ಕಳ್ಳ ಸಿಕ್ಕ ಹಾಗೆ.

ಮಣ್ಣಿನಕೈ, ಬನಶಂಕರಿ
ಭಾನುವಾರ ರಾತ್ರಿ

ಸಿಕ್ಕ!

ಗೋಡೆಯ ಮಟ್ಟಕ್ಕಿಂತ ಕೆಳಗೆ, ಒಳಗಡೆಗೆ ಬಾಗಿದ ಎರಡು ಕೊಂಬೆಗಳಲ್ಲಿ ಪುಟ್ಟ ಪುಟ್ಟ ಮೊಗ್ಗು ಇದೆ. ಗೋಡೆ ದಾಟಿ ಮೇಲೆ ಬಂದದ್ದು ಪೂರ್ತಿ ಎಲೆ. ದೀಪದ ಕಂಬ ನಮ್ಮ ಗೇಟಿನ ಪಕ್ಕದಲ್ಲೇ ಇದೆ. ದೀಪ ಸರಿಯಾಗಿ ಟೆರೇಸ್ ಮಟ್ಟಕ್ಕೆ ಬರುತ್ತದೆ. ಹೋದ ವರ್ಷದ ತನಕ ಮಂಕಾದ ಹಳದಿ ದೀಪ ಇತ್ತು, ಈಗ ಬಿಳಿ ಎಲ್‌ಇಡಿ ಹಾಕಿದ್ದಾರೆ. ಆ ಬೆಳಕಿನಲ್ಲಿ ಪೇಪರ್ ಓದಬಹುದು. ಎದುರು ಮನೆಯವರ ಕುಂಡಗಳು ಅವರ ನೀರಿನ ಟ್ಯಾಂಕ್ ಹಿಂದೆ ಇವೆ.

ದೃಷ್ಟಿ ಅಂದವರಿಗೆ ಫೋಟೋ ಕಳಿಸಿದೆ. "ನಾನು ಹೇಳಲಿಲ್ವಾ, ದೀಪದ ದೃಷ್ಟಿ" ಅಂದರು.

ಹೊಸಕುಂಡ, ಯಲಹಂಕ
ಸೋಮವಾರ ಬೆಳಗ್ಗೆ

ಅಕ್ಕಾ, ನಂದೂ ಇದೇ ಕಥೆನಾ ಅಂತ ಕೇಳಬೇಕಿತ್ತು. ನಾನು ಇದೇ ವರ್ಷ ಶುರು ಮಾಡಿದವನು. ಆಷಾಢದಲ್ಲಿ ಊರಿನಿಂದ ತಂದ ಅವರೆ ಬೀಜ ಹಾಕಿದೆ. ಬಳ್ಳಿ ಎರಡನೇ ಮಹಡಿ ದಾಟಿದೆ, ಮೇಲಿನ ಮನೆಯವರ ಬಟ್ಟೆ ಒಣಗಿಸುವ ದಾರ ಹಿಡಿದುಕೊಂಡಿದೆ. ಒಂದು ಹೂವೂ ಇಲ್ಲ. ಮೇಲಿನ ಆಂಟಿ ದಿನಾ ಕೇಳುತ್ತಾರೆ, "ಏನಪ್ಪಾ, ಸಾರು ಯಾವಾಗ" ಅಂತ.

ಟೆರೇಸ್‌ರಾಯ, ಗಿರಿನಗರ
ಸೋಮವಾರ ಬೆಳಗ್ಗೆ

ಊರಿನ ಬೀಜ ಅಂದರೆ ನಾಟಿ ಸೊಗಡು ಅವರೆ. ಅದೂ ಸೇವಂತಿಗೆಯ ಹಾಗೆಯೇ, ಹಗಲು ಗಿಡ್ಡ ಆಗುವ ತನಕ ಹೂವು ಬಿಡುವುದಿಲ್ಲ. ನೀನು ಆಷಾಢದಲ್ಲಿ ಹಾಕು, ಶ್ರಾವಣದಲ್ಲಿ ಹಾಕು, ಅದು ಹೂವು ಬಿಡುವುದು ಚಳಿ ಬರುವ ಹೊತ್ತಿಗೇ. ಕಾಯಿ ಡಿಸೆಂಬರ್, ಜನವರಿಗೆ. ಸಂಕ್ರಾಂತಿಗೆ ಅವರೆಕಾಯಿ ಬೇಯಿಸುವ ರೂಢಿ ಸುಮ್ನೆ ಬಂದದ್ದಲ್ಲ.

ವರ್ಷವಿಡೀ ಕಾಯಿ ಬೇಕು ಅಂದರೆ ಹೆಬ್ಬಾಳ ಅವರೆ ಹಾಕಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬಿಡುಗಡೆ ಮಾಡಿದ ತಳಿ. ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ಅಂತ ಇವೆ. ಅವಕ್ಕೆ ಹಗಲು ರಾತ್ರಿಯ ಲೆಕ್ಕ ಬೇಡ, ಗಿಡವೂ ಗಿಡ್ಡ, ಕುಂಡದಲ್ಲಿ ನಿಲ್ಲುತ್ತದೆ. ಆದರೆ ಸೊಗಡು ಬೇಕೆಂದರೆ ನಾಟಿಯೇ. ಸಿಪ್ಪೆಯ ಮೇಲಿನ ಆ ಎಣ್ಣೆ ಜಿಡ್ಡು ಕೈಗೆ ಅಂಟಿ ರಾತ್ರಿ ಮಲಗುವ ತನಕ ವಾಸನೆ ಬರಬೇಕು. ಬಾರದಿದ್ದರೆ ಅದು ಅವರೆಯೇ ಅಲ್ಲ.

ಆಂಟಿಗೆ ಹೇಳು, ಧನುರ್ಮಾಸಕ್ಕೆ ಸಾರು. ಅವರ ಬಾಲ್ಕನಿ ದೀಪ ರಾತ್ರಿ ಪೂರ್ತಿ ಉರಿಯುತ್ತಾ ಇದ್ದರೆ ಮಾತ್ರ ಆರಿಸಲು ಹೇಳು.

ಹೊಸಕುಂಡ, ಯಲಹಂಕ
ಸೋಮವಾರ ಬೆಳಗ್ಗೆ

ಸರ್, ಆದರೆ ನಮ್ಮ ಬೆಂಗಳೂರಿನಲ್ಲಿ ಹಗಲು ಅಷ್ಟೊಂದು ಗಿಡ್ಡ ಆಗುತ್ತಾ? ನನಗಂತೂ ಗೊತ್ತೇ ಆಗಲ್ಲ.

ಚೆಂಡುಹೂ, ಮೈಸೂರು
ಸೋಮವಾರ ಮಧ್ಯಾಹ್ನ

ನಮಗೆ ಗೊತ್ತಾಗಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ. ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 20 ನಿಮಿಷ. ಇಡೀ ವರ್ಷದ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೇ. ಆ ಒಂದೂವರೆ ಗಂಟೆಯಲ್ಲೇ ಅವರೆ, ಸೇವಂತಿಗೆ, ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟ್ಟಿಯಾ ಎಲ್ಲ ತಮ್ಮ ಪಂಚಾಂಗ ನೋಡಿಕೊಳ್ಳುತ್ತವೆ. ಎಲೆಯಲ್ಲಿ ಫೈಟೋಕ್ರೋಮ್ ಅನ್ನುವ ಒಂದು ಬಣ್ಣದ ವಸ್ತು ಇದೆ. ಕತ್ತಲೆ ಎಷ್ಟು ಹೊತ್ತು ಇತ್ತು ಅನ್ನುವುದನ್ನು ಗಿಡ ಅದರಿಂದಲೇ ತಿಳಿಯುವುದು. ನಡುರಾತ್ರಿ ಬೆಳಕು ಬಿದ್ದರೆ ಎಣಿಕೆ ಮತ್ತೆ ಮೊದಲಿನಿಂದ.

ಕರಿಬೇವುಕುಂಡ, ನ್ಯೂಜೆರ್ಸಿ
ಸೋಮವಾರ ರಾತ್ರಿ

ಒಂದೂವರೆ ಗಂಟೆ! ನಮ್ಮಲ್ಲಿ ಜೂನ್‌ನಲ್ಲಿ 15 ಗಂಟೆ ಹಗಲು, ಡಿಸೆಂಬರ್‌ನಲ್ಲಿ 9 ಗಂಟೆಗಿಂತ ಸ್ವಲ್ಪ ಜಾಸ್ತಿ. ಸಂಜೆ ಆಫೀಸ್ ಬಿಡುವ ಹೊತ್ತಿಗೆ ಕತ್ತಲೆ. ಇಲ್ಲಿ ಈಗ ಯಾವ ಅಂಗಡಿ ಬಾಗಿಲಿಗೆ ಹೋದರೂ ಸೇವಂತಿಗೆ ಕುಂಡ ಮತ್ತು ಕುಂಬಳಕಾಯಿ ಸಾಲು. ಗುಂಡಗೆ, ಎಲೆ ಕಾಣದಷ್ಟು ಹೂವು. ಆದರೆ ಮುಡಿಯುವವರೂ ಇಲ್ಲ, ದೇವರಿಗೆ ಇಡುವವರೂ ಇಲ್ಲ, ಬಾಗಿಲ ಮೆಟ್ಟಿಲ ಮೇಲೆ ಇಟ್ಟು ಒಣಗಿದ ಮೇಲೆ ಎಸೆಯುತ್ತಾರೆ. ನಾನು ಮಾತ್ರ ಕಿತ್ತು ಮಾಲೆ ಕಟ್ಟಿದೆ. ಪಕ್ಕದ ಮನೆ ಅಜ್ಜಿ ಆಶ್ಚರ್ಯಪಟ್ಟು ನೋಡಿದರು. ಒಂದು ಮಾಲೆ ಅವರ ಬಾಗಿಲಿಗೂ ಹಾಕಿ ಬಂದೆ.

ಈ ವಾರಾಂತ್ಯ ನಮ್ಮ ಕನ್ನಡದ ಗಿಡದ ಗೆಳೆಯರ ದೊಡ್ಡ ಕೆಲಸ ಅಂದರೆ ಕರಿಬೇವು ಒಳಗೆ ತರುವುದು. ರಾತ್ರಿ ಉಷ್ಣತೆ 10 ಡಿಗ್ರಿಗೆ ಇಳಿಯುವ ಮೊದಲು ತರಬೇಕು. ನನ್ನ ಕುಂಡವನ್ನು ಇಬ್ಬರು ಎತ್ತಬೇಕು. ಅದಕ್ಕೇ ಶನಿವಾರ ಒಬ್ಬರ ಮನೆ, ಭಾನುವಾರ ಇನ್ನೊಬ್ಬರ ಮನೆ ಅಂತ ಸರದಿ. ಕುಂಡ ಎತ್ತಿಸಿಕೊಂಡವರು ಬಿಸಿಬೇಳೆ ಭಾತ್ ಮಾಡಬೇಕು, ಅದು ನಿಯಮ. ಕಾಯಿ ಟೊಮೆಟೊ ಇನ್ನೂ ಗಿಡದ ತುಂಬ ಇದೆ. ಮಂಜು ಬಿದ್ದರೆ ಒಂದೇ ರಾತ್ರಿಯಲ್ಲಿ ಕಪ್ಪಾಗುತ್ತದೆ. ಅದಕ್ಕೇ ಎಲ್ಲ ಕಿತ್ತು ಗೊಜ್ಜು ಮಾಡಿದೆವು. ಬೆಳ್ಳುಳ್ಳಿ ಎಸಳು ನೆಟ್ಟೆವು. ಈಗ ನೆಟ್ಟರೆ ಹಿಮದ ಅಡಿಯಲ್ಲಿ ಮಲಗಿದ್ದು ಜೂನ್ ಕೊನೆಗೆ, ಜುಲೈಗೆ ಗಡ್ಡೆ ಬರುತ್ತದೆ.

ಸೀಗೆಮಟ್ಟಿ, ಸಾಗರ
ಮಂಗಳವಾರ ಬೆಳಗ್ಗೆ

ಹಿಮದ ಅಡಿ ಬೆಳ್ಳುಳ್ಳಿಯಾ! ನಮ್ಮಲ್ಲಿ ಈಗ ಡೇರೆ, ಅಂದರೆ ಡೇಲಿಯಾ ಹೂವಿನ ಕೊನೆಯ ಸುತ್ತು. ಮಳೆಗಾಲ ಪೂರ್ತಿ ಅಂಗಳ ತುಂಬಿತ್ತು. ಇನ್ನು ಕಾಂಡ ಒಣಗಿದ ಮೇಲೆ ಗಡ್ಡೆ ಕಿತ್ತು, ಒಣ ಮಣ್ಣಿನಲ್ಲೋ ಬೂದಿಯಲ್ಲೋ ಇಟ್ಟು, ಮತ್ತೆ ಮಳೆ ಬರುವ ಮೊದಲು ನೆಡುವುದು. ಡೇರೆ ಗಡ್ಡೆ ಬದಲಾಯಿಸಿಕೊಳ್ಳುವುದು ನಮ್ಮ ಕಡೆ ಹೆಂಗಸರ ದೊಡ್ಡ ವ್ಯವಹಾರ. ಯಾರ ಮನೆಯಲ್ಲಿ ಯಾವ ಬಣ್ಣ ಇದೆ ಅಂತ ಇಡೀ ಊರಿಗೆ ಗೊತ್ತು. ಕೇಳಿದ ಕೂಡಲೇ ಕೊಡುವುದಿಲ್ಲ, ಸ್ವಲ್ಪ ಆಟ ಆಡಿಸುತ್ತಾರೆ.

ಈ ಸಲ ಭೂಮಿ ಹುಣ್ಣಿಮೆಗೆ ನೀವೆಲ್ಲ ಬರಬೇಕಿತ್ತು ಮಾರಾಯ್ರೇ. ನೀವು ಪೇಟೆಯವರು ಸೀಗೆ ಹುಣ್ಣಿಮೆ ಅನ್ನುವುದು ಇದನ್ನೇ. ಭತ್ತ ಹಾಲುಗಟ್ಟುವ ಹೊತ್ತು, ಭೂಮಿತಾಯಿ ಬಸುರಿ ಅಂತ ಬಯಕೆ ಊಟ. ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ, ಬೆಳಕು ಹರಿಯುವ ಮೊದಲೇ ಗದ್ದೆಗೆ. ಕಡುಬು ಇರಲೇಬೇಕು, ಬೆರಕೆ ಸೊಪ್ಪು ಇರಲೇಬೇಕು. ಬೆರಕೆ ಸೊಪ್ಪಿಗೆ ನಮ್ಮ ಹಿತ್ತಲು, ಬೇಲಿ, ಗುಡ್ಡ ಎಲ್ಲ ಸುತ್ತಿದೆವು. ನಾವು ಕಳೆ ಅಂತ ಕಿತ್ತು ಎಸೆಯುವುದರಲ್ಲಿ ಅರ್ಧ ಅಮ್ಮನ ಬುಟ್ಟಿಯಲ್ಲಿತ್ತು.

ಎರಿಮಣ್ಣು, ಧಾರವಾಡ
ಮಂಗಳವಾರ ಮಧ್ಯಾಹ್ನ

ನಮ್ಮಲ್ಲೂ ಅದೇ ಹುಣ್ಣಿಮೆಗೆ ಚರಗ ಚೆಲ್ಲುತ್ತೇವ್ರಿ, ಅಂದರೆ ಭೂಮಿತಾಯಿಗೆ ಅಂತ ಅಡುಗೆಯನ್ನ ಹೊಲದಲ್ಲಿ ಎರಚೋದು. ಬುತ್ತಿ ಕಟ್ಟಿಕೊಂಡು ಹೊಲಕ್ಕೆ. ಸಜ್ಜಿ ಕಡಬು, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಪುಂಡಿ ಪಲ್ಲೆ. ಹಿಂಗಾರಿ ಜೋಳ ಆಗಲೇ ಬಿತ್ತಿ ಮೊಳಕೆ ಎದ್ದಿದೆ. ನಾನಂತೂ ಈಗ ಕಾಲೋನಿ ಮನೆಯವನು, ಹೊಲ ಅಣ್ಣನ ಕಡೆ ಇದೆ. ಆದರೂ ಚರಗದ ಒಂದು ಹಿಡಿ ತಂದು ನನ್ನ ಕುಂಡಗಳಿಗೂ ಹಾಕಿದೆ. ಮಗಳು ನಕ್ಕಳು.

ಹೊಸಕುಂಡ, ಯಲಹಂಕ
ಬುಧವಾರ ರಾತ್ರಿ

ಎಲ್ಲರ ಹಬ್ಬ ಚೆನ್ನಾಗಿದೆ, ನನ್ನ ಪಾಲಕ್ ಪೂರ್ತಿ ಹೋಯ್ತು. ಬೆಳಗ್ಗೆ ನೋಡಿದರೆ ಬರೀ ದಂಟು. ಕುಂಡದ ಸುತ್ತ ಒಣಗಿದ ಲೋಳೆಯ ಗೆರೆ. ಇಷ್ಟು ದೊಡ್ಡ ಬಸವನಹುಳು, ಅಂಗೈ ತುಂಬ. ಇದೆಲ್ಲಿಂದ ಬಂತು?

ಟೆರೇಸ್‌ರಾಯ, ಗಿರಿನಗರ
ಗುರುವಾರ ಬೆಳಗ್ಗೆ

ಆಫ್ರಿಕಾದಿಂದ. ತಮಾಷೆ ಅಲ್ಲ. ಅದು ಆಫ್ರಿಕನ್ ದೈತ್ಯ ಬಸವನಹುಳು. ನಮ್ಮ ದೇಶಕ್ಕೆ ಬಂದದ್ದು 1847ರಲ್ಲಿ. ಒಬ್ಬ ಬ್ರಿಟಿಷ್ ಚಿಪ್ಪು ಸಂಗ್ರಾಹಕ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ತೋಟವೊಂದರಲ್ಲಿ ಬಿಟ್ಟ. ಅವನ ಹವ್ಯಾಸಕ್ಕೆ ನಿನ್ನ ಪಾಲಕ್ ಬಲಿ.

ಮೊದಲನೆಯದಾಗಿ ಬರಿಗೈಯಲ್ಲಿ ಮುಟ್ಟಬೇಡ. ಅದರಲ್ಲಿ ಇಲಿಯ ಶ್ವಾಸಕೋಶದ ಹುಳು ಇರಬಹುದು, ಅದು ಮನುಷ್ಯರ ಮೆದುಳಿನ ತನಕ ಹೋಗುತ್ತದೆ. ಗ್ಲೌಸ್ ಹಾಕು, ಇಲ್ಲ ಇಕ್ಕಳ ಹಿಡಿ. ಅದು ಓಡಾಡಿದ ಸೊಪ್ಪನ್ನು ಹಸಿಯಾಗಿ ತಿನ್ನಬೇಡ. ಸಂಜೆ ಒಂದು ಗೋಣಿಚೀಲ ನೆನೆಸಿ, ಅದರ ಕೆಳಗೆ ಪರಂಗಿ ಎಲೆ, ಎಲೆಕೋಸಿನ ಹೊರಗಿನ ಎಲೆ ಇಡು. ರಾತ್ರಿ ಎಲ್ಲ ಬಂದು ಅಲ್ಲೇ ಸೇರುತ್ತವೆ. ಬೆಳಗ್ಗೆ ಬಿಸಿಲು ಬರುವ ಮೊದಲು ಇಕ್ಕಳದಲ್ಲಿ ಹೆಕ್ಕಿ ಉಪ್ಪು ನೀರಿನ ಬಕೆಟ್‌ಗೆ ಹಾಕು. ಉಪ್ಪನ್ನು ಕುಂಡಕ್ಕೆ ಚೆಲ್ಲಬೇಡ. ಹುಳು ಸಾಯುವುದಿರಲಿ, ಗಿಡವೂ ಸಾಯುತ್ತದೆ.

ಬಸಳೆಬಳ್ಳಿ, ಉಡುಪಿ
ಗುರುವಾರ ಮಧ್ಯಾಹ್ನ

ನಮ್ಮಲ್ಲಿ ಮಳೆ ಬಿಡುವ ತನಕ ಇದೇ ಗೋಳು ಮಾರಾಯ್ರೆ. ಸಂಜೆ ಧಾರಾವಾಹಿ ಮುಗಿದ ಮೇಲೆ ನಾನೂ ನೆರೆಮನೆಯವರೂ ಟಾರ್ಚ್ ಹಿಡಿದು ಬಸವನಹುಳು ಬೇಟೆ. ಇದೊಂದು ವಾಕಿಂಗ್ ಆದ ಹಾಗೂ ಆಯ್ತು.

ಈಗ ಮಳೆ ಬಿಟ್ಟಿದೆ, ಗುಳ್ಳದ ಸಸಿ ನೆಡುವ ಹೊತ್ತು. ಮಟ್ಟು ಗುಳ್ಳ ಕೇಳಿರ್ತೀರಿ, ಉಡುಪಿ ಹತ್ತಿರದ ಮಟ್ಟು ಊರಿನ ಬದನೆ. ಗುಂಡಗೆ, ತಿಳಿ ಹಸಿರು, ಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. 2011ರಲ್ಲಿ ಜಿಐ ಗುರುತು ಸಿಕ್ಕಿತು, ಅಂದರೆ ಆ ಊರಿನದೇ ಬೆಳೆ ಅನ್ನುವ ಸರಕಾರಿ ಗುರುತು. ನನ್ನ ಅಂಗಳ ಮಟ್ಟು ಅಲ್ಲ, ಹಾಗಾಗಿ ಅದೇ ರುಚಿ ಅಂತ ಹೇಳಿಕೊಳ್ಳುವುದಿಲ್ಲ. ಆದರೆ ಹುಳಿಗೆ ಹಾಕಿದರೆ ಮನೆಯವರು ಎರಡನೇ ಸಲ ಬಡಿಸಿಕೊಳ್ಳುತ್ತಾರೆ, ಅಷ್ಟು ಸಾಕು.

ಹೊಸಕುಂಡ, ಯಲಹಂಕ
ಶನಿವಾರ ಸಂಜೆ

ಗೋಣಿಚೀಲ ಕೆಲಸ ಮಾಡ್ತು ಸರ್! ಅರ್ಧ ಬಕೆಟ್. ಈಗ ಇನ್ನೊಂದು. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿತ್ತು, ಒರೆಸಲು ಹೋದರೆ ಅದು ನಡೆಯಿತು. ಬೇವಿನೆಣ್ಣೆ ಹೊಡೆಯಲಾ?

ಚೆಂಡುಹೂ, ಮೈಸೂರು
ಶನಿವಾರ ಸಂಜೆ

ಹೊಡೆಯಬೇಡಿ, ಹೊಡೆಯಬೇಡಿ. ಅದು ಚಿಟ್ಟೆಯ ಮರಿ. ನಿಂಬೆ, ಕರಿಬೇವಿನ ಮೇಲೆ ಮೊಟ್ಟೆ ಇಡುವ ಚಿಟ್ಟೆಗಳ ಹುಳು ಚಿಕ್ಕದಿದ್ದಾಗ ಹಿಕ್ಕೆಯ ಹಾಗೇ ಕಾಣುತ್ತದೆ, ಹಕ್ಕಿಗಳು ತಿನ್ನದಿರಲಿ ಅಂತ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮಳೆ ಮುಗಿದು ಬಿಸಿಲು ಬಿದ್ದ ಈ ಹೊತ್ತಿಗೆ ಚಿಟ್ಟೆ ಜಾಸ್ತಿ.

ಎರಿಮಣ್ಣು, ಧಾರವಾಡ
ಶನಿವಾರ ರಾತ್ರಿ

ಚಿಟ್ಟೆ ಚಂದ ಖರೆ. ಆದರೆ ಕುಂಡದ ಕರಿಬೇವಿಗೆ ಇರೋದೇ ನಾಲ್ಕು ಗರಿ. ಹುಳ ಎರಡು ದಿನಕ್ಕೆ ಬೋಳಿಸಿ ಬಿಡುತ್ತದೆ. ಒಗ್ಗರಣೆಗೆ ಏನು ಹಾಕೋದು, ಚಿಟ್ಟೆಯನ್ನ?

ಮಣ್ಣಿನಕೈ, ಬನಶಂಕರಿ
ಶನಿವಾರ ರಾತ್ರಿ

ನಮ್ಮಲ್ಲಿ ಇದಕ್ಕೆ ಒಂದು ಒಪ್ಪಂದ ಇದೆ. ಹುಳುಗಳನ್ನೆಲ್ಲ ಒಂದೇ ಕೊಂಬೆಗೆ ಸಾಗಿಸುವುದು, ಇಲ್ಲ ಹಳೇ ನಿಂಬೆ ಗಿಡಕ್ಕೆ ಬಿಡುವುದು. ನಮ್ಮ ನಿಂಬೆ ಹೇಗೂ ಕಾಯಿ ಬಿಡುವುದಿಲ್ಲ, ಇದಕ್ಕಾದರೂ ಆಗಲಿ. ಬೇವಿನೆಣ್ಣೆ ಬೇಕಾಗುವುದು ಹಿಟ್ಟು ತಿಗಣೆಗೆ, ಹೇನಿಗೆ. ಒಂದು ಲೀಟರ್ ನೀರಿಗೆ 3ರಿಂದ 5 ಮಿಲಿ, ಜೊತೆಗೆ ಸ್ವಲ್ಪ ಸೀಗೆ ಅಥವಾ ಅಂಟುವಾಳದ ನೀರು, ಎಣ್ಣೆ ನೀರಿನಲ್ಲಿ ಬೆರೆಯಲಿ ಅಂತ. ಸಂಜೆ ಹೊಡೆಯಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಮಳೆ ನೋಡಿಕೊಂಡು ಹೊಡೆಯಿರಿ. ಈಗ ಚಿತ್ತಾ ಮಳೆ ನಡೆಯುತ್ತಿದೆ. "ಕುರುಡು ಚಿತ್ತೆ ಎರಚಿದತ್ತ ಬೆಳೆ" ಅನ್ನುವುದು ಸುಳ್ಳಲ್ಲ. ನಿನ್ನೆ ನಮ್ಮ ಬೀದಿಯ ಆ ತುದಿ ನೆನೆಯಿತು, ಈ ತುದಿಗೆ ಹನಿ ಇಲ್ಲ.

ಸೇವಂತಿಗೆ ವಿಷಯ. ಒಂದು ಕುಂಡ ಟ್ಯಾಂಕ್ ಹಿಂದೆ ಇಟ್ಟಿದ್ದೀನಿ. ಒಂದಕ್ಕೆ ಸಂಜೆ ಆರರಿಂದ ಬೆಳಗ್ಗೆ ಏಳರ ತನಕ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕುತ್ತೀನಿ. ಇನ್ನೊಂದು ಇದ್ದಲ್ಲೇ ಇದೆ, ಹೋಲಿಸಿ ನೋಡಲು. ಯಜಮಾನರು "ಹೂವಿಗೂ ಮಲಗಿಸಿ ಎಬ್ಬಿಸುವ ಕೆಲಸ ಬಂತಾ" ಅಂದರು. ಪೆಟ್ಟಿಗೆ ಎತ್ತುವ ಡ್ಯೂಟಿ ಈಗ ಅವರದೇ.

ಟೆರೇಸ್‌ರಾಯ, ಗಿರಿನಗರ
ಭಾನುವಾರ ಬೆಳಗ್ಗೆ

ಒಳ್ಳೆಯದು. ಆದರೆ ಅವಸರ ಬೇಡ. ಕತ್ತಲೆ ಸರಿಯಾಗಿ ಸಿಕ್ಕಿದ ಮೇಲೆ ಮೊಗ್ಗು ಕಣ್ಣಿಗೆ ಕಾಣಲು ಮೂರು ನಾಲ್ಕು ವಾರ ಬೇಕು. ದೀಪಾವಳಿಗೆ ಆಸೆ ಬಿಡಿ. ದೇವರಿಗೆ ನಮ್ಮನೆಯಿಂದ ಕಳಿಸುತ್ತೇನೆ.

ಬೀದಿದೀಪದ ಬಗ್ಗೆ ಅರ್ಜಿ ಕೊಡಿ, ದೀಪ ತೆಗೆಸಿ, ಇಲ್ಲ ಮಂದ ಮಾಡಿಸಿ. ನಾವು ನಾಲ್ಕು ಜನ ಸಹಿ ಹಾಕುತ್ತೇವೆ.

ಹೊಸಕುಂಡ, ಯಲಹಂಕ
ಭಾನುವಾರ ಬೆಳಗ್ಗೆ

ಸರ್, ಇದೊಂದು ಬೇಡ ಅನಿಸುತ್ತೆ. ನನ್ನ ತಂಗಿ ರಾತ್ರಿ ಶಿಫ್ಟ್ ಮುಗಿಸಿ ಬರುವವಳು. ನಮ್ಮ ರಸ್ತೆಯಲ್ಲಿ ದೀಪ ಬಂದದ್ದೇ ಹೋದ ವರ್ಷ. ಅದಕ್ಕೆ ಮೊದಲು ನಾನು ದಿನಾ ಬಸ್ ಸ್ಟಾಪಿನ ತನಕ ಹೋಗಿ ಕರೆದುಕೊಂಡು ಬರುತ್ತಿದ್ದೆ. ಸೇವಂತಿಗೆಗೆ ಜಾಗ ಬದಲಿಸಬಹುದು ಅಲ್ವಾ?

ಮಣ್ಣಿನಕೈ, ಬನಶಂಕರಿ
ಭಾನುವಾರ ಬೆಳಗ್ಗೆ

ಹೊಸಕುಂಡ ಹೇಳಿದ್ದು ಸರಿ. ರಾಯರೇ, ದೀಪ ಇರಲಿ. ರಸ್ತೆಗೆ ಬೀಳಬೇಕಾದ ಬೆಳಕು ಟೆರೇಸ್‌ಗೆ ಬಾರದ ಹಾಗೆ ಹಿಂಬದಿಗೆ ಒಂದು ತಗಡಿನ ಮರೆ ಹಾಕಿ ಅಂತ ಕೇಳಬಹುದು, ಅಷ್ಟೇ. ಹಾಕಿದರೆ ಹಾಕಲಿ. ನಮ್ಮ ಕುಂಡ ನಾವೇ ಸರಿಸಿಕೊಳ್ಳುವುದು ಸುಲಭ.

ಟೆರೇಸ್‌ರಾಯ, ಗಿರಿನಗರ
ಭಾನುವಾರ ಮಧ್ಯಾಹ್ನ

ಸರಿ, ಒಪ್ಪಿದೆ. ತಗಡಿನ ಮರೆ ಅಂತಲೇ ಬರೆಯೋಣ.

ಕುಂಡ ಸರಿಸುವಾಗ ಒಂದು ಎಚ್ಚರ. 12 ಇಂಚಿನ ಗ್ರೋ ಬ್ಯಾಗ್ ಅಂದರೆ ಸುಮಾರು 22 ಲೀಟರ್ ಮಿಶ್ರಣ. ನೆನೆದ ಕೆಮ್ಮಣ್ಣು ಜಾಸ್ತಿ ಇದ್ದರೆ 30 ಕಿಲೋ ದಾಟುತ್ತದೆ. ಬಗ್ಗಿ ಎತ್ತಬೇಡಿ, ಎಳೆಯಬೇಡಿ. ಕೆಳಗೆ ಗೋಣಿ ಹಾಕಿ ಜಾರಿಸಿ. ಭಾರದ ಕುಂಡಗಳನ್ನು ಛಾವಣಿಯ ನಡುವೆ ಗುಂಪಾಗಿ ಇಡಬೇಡಿ. ಗೋಡೆ, ತೊಲೆ ಇರುವ ಅಂಚಿನಲ್ಲಿ ಇಡಿ. ಮಿಶ್ರಣಕ್ಕೆ ಮಣ್ಣು ಒಂದು ಪಾಲು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಕಾಂಪೋಸ್ಟ್ ಒಂದು ಪಾಲು. ಇದು ಮನೆಗೂ ಸೊಂಟಕ್ಕೂ ಒಳ್ಳೆಯದು.

ಚೆಂಡುಹೂ, ಮೈಸೂರು
ಗುರುವಾರ ರಾತ್ರಿ

ಮುಂದಿನ ವಾರ ಬೆಂಗಳೂರಿಗೆ ಬರುತ್ತಿದ್ದೀನಿ, ಲಾಲ್‌ಬಾಗ್ ಪಕ್ಕದ ಸಿದ್ದಾಪುರ ನರ್ಸರಿಗಳಿಗೆ ಹೋಗುವ ಯೋಚನೆ ಇದೆ. ಯಾರು ಬರ್ತೀರಿ? ಹೂಕೋಸಿನ ಟ್ರೇ ಸಸಿ ಬೇಕು. ಜೊತೆಗೆ ಬೀಜ ಬದಲಾವಣೆ ಮಾಡಿಕೊಳ್ಳೋಣ. ನನ್ನ ಹತ್ತಿರ ನಾಟಿ ಬೆಂಡೆ, ಕೆಂಪು ಹರಿವೆ, ಎರಡು ಬಣ್ಣದ ಚೆಂಡುಹೂ, ಗುಂಡು ಸೋರೆ ಇದೆ.

ಹೊಸಕುಂಡ, ಯಲಹಂಕ
ಗುರುವಾರ ರಾತ್ರಿ

ನಾನು ಬರ್ತೀನಿ. ನನ್ನ ಹತ್ತಿರ ಅರ್ಕ ರಕ್ಷಕ್ ಟೊಮೆಟೊ ಹಣ್ಣಿನಿಂದ ತೆಗೆದ ಬೀಜ ಇದೆ. ತುಂಬಾ ಚೆನ್ನಾಗಿ ಬಿಟ್ಟಿತ್ತು. ಎಲ್ಲರಿಗೂ ಕೊಡ್ತೀನಿ.

ಟೆರೇಸ್‌ರಾಯ, ಗಿರಿನಗರ
ಶುಕ್ರವಾರ ಬೆಳಗ್ಗೆ

ಮನಸ್ಸು ಒಳ್ಳೆಯದು, ಬೀಜ ಬೇಡ. ಅರ್ಕ ರಕ್ಷಕ್ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆ. ಎಲೆ ಮುದುಡು ವೈರಸ್, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ಗುಣ ತಂದಿದ್ದಾರೆ. ಆದರೆ ಅದರ ಹಣ್ಣಿನ ಬೀಜ ಹಾಕಿದರೆ ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ. ತಾಯಿಯ ಗುಣ ಗ್ಯಾರಂಟಿ ಇಲ್ಲ. ಹೈಬ್ರಿಡ್ ಆದರೆ ಪ್ರತಿ ಸಲ ಪ್ಯಾಕೆಟ್ ಕೊಳ್ಳಬೇಕು. ಬದಲಾವಣೆಗೆ ನಾಟಿ ಬೀಜ, ಇಲ್ಲ ಹೈಬ್ರಿಡ್ ಅಲ್ಲದ ತಳಿ ತನ್ನಿ.

ಹೊಸಕುಂಡ, ಯಲಹಂಕ
ಶುಕ್ರವಾರ ಬೆಳಗ್ಗೆ

ಹಾಗಾದರೆ ನನ್ನ ಹತ್ತಿರ ಕೊಡಲು ಏನೂ ಇಲ್ವಲ್ಲ ಸರ್.

ಸೀಗೆಮಟ್ಟಿ, ಸಾಗರ
ಶುಕ್ರವಾರ ಮಧ್ಯಾಹ್ನ

ಸೊಗಡು ಅವರೆ ಇದೆಯಲ್ಲ ತಮ್ಮಾ! ಬಳ್ಳಿಯಲ್ಲೇ ಒಂದಿಷ್ಟು ಕಾಯಿ ಒಣಗಲು ಬಿಡು, ಎಲ್ಲ ಸಾರಿಗೆ ಹಾಕಬೇಡ. ಮುಂದಿನ ವರ್ಷ ಎಲ್ಲರೂ ನಿನ್ನ ಬಾಗಿಲಿಗೇ ಬರುವುದು.

ಮಣ್ಣಿನಕೈ, ಬನಶಂಕರಿ
ದೀಪಾವಳಿ ಕಳೆದ ಶನಿವಾರ

ನಡುವೆ ಹಬ್ಬ, ನೆಂಟರು, ಈ ಕಡೆ ಬರಲಾಗಲಿಲ್ಲ. ವರದಿ ಒಪ್ಪಿಸುತ್ತಿದ್ದೀನಿ.

ಟ್ಯಾಂಕ್ ಹಿಂದಿನ ಕುಂಡದಲ್ಲಿ ಕೊಂಬೆ ಕೊಂಬೆಗೂ ಮೊಗ್ಗು. ಪೆಟ್ಟಿಗೆ ಮುಚ್ಚಿದ್ದರಲ್ಲೂ ಬಂದಿದೆ, ಸ್ವಲ್ಪ ಕಡಿಮೆ. ನೆಂಟರು ಬಂದಿದ್ದಾಗ ಪೆಟ್ಟಿಗೆ ಮರೆತ ರಾತ್ರಿಗಳೂ ಇವೆ. ದೀಪದ ಕೆಳಗೇ ಬಿಟ್ಟದ್ದು ಇನ್ನೂ ಎತ್ತರ ಹೋಗಿದೆ, ಹಸಿರು, ಆರೋಗ್ಯ, ಮೊಗ್ಗಿಲ್ಲ. ಚೆಂಡುಹೂ ಮೇಡಂಗೆ ಜೈ. ಎರಿಮಣ್ಣು ಅಣ್ಣಾ, ಹಿಂಡಿ ನೀರು ಮೂರಕ್ಕೂ ಒಂದೇ ಅಳತೆಯಲ್ಲಿ ಹಾಕಿದ್ದೀನಿ.

ಎರಿಮಣ್ಣು, ಧಾರವಾಡ
ಶನಿವಾರ ಮಧ್ಯಾಹ್ನ

ಆಯ್ತ್ರೀ ಅಕ್ಕಾರ, ಸೋತೆ. ಆದರೂ ಹಿಂಡಿ ಸ್ವಲ್ಪ ಕಡಿಮೆ ಮಾಡ್ರಿ. ಮೊಗ್ಗು ಬಂದ ಮೇಲಾದರೂ.

ಕರಿಬೇವುಕುಂಡ, ನ್ಯೂಜೆರ್ಸಿ
ಶನಿವಾರ ರಾತ್ರಿ

ನಮ್ಮಲ್ಲಿ ಮಂಜು ಬಿತ್ತು. ಡೇಲಿಯಾ ಒಂದೇ ರಾತ್ರಿಗೆ ಕಪ್ಪಾಯಿತು, ಗಡ್ಡೆ ಕಿತ್ತು ಪೆಟ್ಟಿಗೆಯಲ್ಲಿಟ್ಟೆ. ಸಾಗರದ ಅಕ್ಕಾ, ನೀವು ಮತ್ತು ನಾನು ಒಂದೇ ತಿಂಗಳು ಒಂದೇ ಕೆಲಸ ಮಾಡುತ್ತಿದ್ದೀವಿ, ನೀವು ಒಣ ಕಾಲಕ್ಕೆ, ನಾನು ಚಳಿಗೆ. ಬೀದಿ ತುಂಬ ಮೇಪಲ್ ಎಲೆ. ಎಲ್ಲರೂ ಕಾಗದದ ಚೀಲಕ್ಕೆ ತುಂಬಿ ರಸ್ತೆ ಬದಿ ಇಡುತ್ತಾರೆ. ನಾವು ಗೆಳೆಯರು ಕಾರಿನಲ್ಲಿ ಹೋಗಿ, ಕೇಳಿ, ಆ ಚೀಲಗಳನ್ನು ಹೊತ್ತು ತಂದೆವು. ತಂತಿ ಬಲೆಯ ಗೂಡಿನಲ್ಲಿ ಒತ್ತಿ ಇಟ್ಟರೆ ಒಂದೆರಡು ವರ್ಷಕ್ಕೆ ಒಳ್ಳೆ ಎಲೆಗೊಬ್ಬರ. ಕರಿಬೇವು ಒಳಗೆ ಬಂದು ಎಲೆ ಉದುರಿಸುತ್ತಿದೆ. ಇದು ಪ್ರತಿ ವರ್ಷದ ಅಳು, ನೀರು ಕಡಿಮೆ ಮಾಡಿ ದಕ್ಷಿಣದ ಕಿಟಕಿಗೆ ಇಟ್ಟಿದ್ದೀನಿ. ಚೈತ್ರದ ಹೊತ್ತಿಗೆ ಚಿಗುರುತ್ತದೆ.

ಬಸಳೆಬಳ್ಳಿ, ಉಡುಪಿ
ಭಾನುವಾರ ಬೆಳಗ್ಗೆ

ಕಸದ ಚೀಲ ಕೇಳಿ ಹೊತ್ತು ತರುವವರು ಅಂದರೆ ಕನ್ನಡದವರೇ ಆಗಬೇಕು. ಇಲ್ಲಿ ನಾಳಿದ್ದು ತುಳಸಿ ಪೂಜೆ. ನೆಲ್ಲಿಕಾಯಿ ಇರುವ ಕೊಂಬೆ ಬೇಕು ಅಂತ ಇಡೀ ಕೇರಿ ನಮ್ಮ ಮರದ ಕೆಳಗೆ ನಿಂತಿದೆ. ಹುಣಸೆ ಕೊಂಬೆ ಯಾರು ಕೊಡುತ್ತಾರೋ ಅವರಿಗೆ ಮೊದಲು.

ಟೆರೇಸ್‌ರಾಯ, ಗಿರಿನಗರ
ಭಾನುವಾರ ಸಂಜೆ

ಬೆಂಗಳೂರಿನವರಿಗೆ: ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಸೋಮವಾರ ಜನ ಜಾಸ್ತಿ, ಹಾಗಾಗಿ ಹಿಂದಿನ ಭಾನುವಾರ ಬೆಳಗ್ಗೆ ಆರೂವರೆಗೆ ದೊಡ್ಡ ಗಣಪತಿ ಗುಡಿ ಮುಂದೆ ಸೇರೋಣ. ಕಡಲೆಕಾಯಿ ಕೊಂಡು, ಆಮೇಲೆ ಮಣ್ಣಿನಕೈ ಮನೆಯಲ್ಲಿ ಬೀಜ ಬದಲಾವಣೆ. ಕವರ್ ಮೇಲೆ ಬೀಜದ ಹೆಸರು ಮತ್ತು ತೆಗೆದ ತಿಂಗಳು ಬರೆಯಿರಿ. ಹೋದ ವರ್ಷ ಹೆಸರಿಲ್ಲದ ಕವರಿನಿಂದ ಒಬ್ಬರು ಸೋರೆ ಅಂತ ಕುಂಬಳ ಬೆಳೆದರು, ಮದುವೆ ಮನೆಗೆ ಆಗುವಷ್ಟು.

ಹೊಸಕುಂಡ, ಯಲಹಂಕ
ಭಾನುವಾರ ಸಂಜೆ

ಸರ್, ಅವರೆಗೆ ಹೂವು ಬಂತು! ತಿಳಿ ನೇರಳೆ. ಮೇಲಿನ ಆಂಟಿಯೇ ಮೊದಲು ನೋಡಿ ಕೂಗಿ ಹೇಳಿದ್ದು. ಬಟ್ಟೆ ದಾರ ಈಗ ಪೂರ್ತಿ ಅವರೆಗೇ ಬಿಟ್ಟುಕೊಟ್ಟಿದ್ದಾರೆ. ಭಾನುವಾರಕ್ಕೆ ನಾನು ಏನು ತರಲಿ?

ಮಣ್ಣಿನಕೈ, ಬನಶಂಕರಿ
ಭಾನುವಾರ ರಾತ್ರಿ

ಖಾಲಿ ಕೈಯಲ್ಲೇ ಬಾ, ಎರಡು ಚೀಲ ತಗೊಂಡು ಬಾ. ಕಡಲೆಕಾಯಿ ನಮ್ಮನೆಯಲ್ಲೇ ಬೇಯಿಸುತ್ತೇವೆ. ಆಂಟಿಯನ್ನೂ ಕರೆದುಕೊಂಡು ಬಾ. ಆಮೇಲೆ ಒಂದು ಮಾತು ಎಲ್ಲರಿಗೂ: ದಯವಿಟ್ಟು ಯಾರೂ ಸಬ್ಬಸಿಗೆ ಬೀಜ ತರಬೇಡಿ. ನಮ್ಮಲ್ಲಿ ಡಬ್ಬಿ ತುಂಬ ಇದೆ.